ಬಾಲದ ತುದಿಯ ಹೊಲಿಗೆ

"ಮುಚ್ಚೂದು ಯಾವಾಗ್ರೀ?"

ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ನಮ್ಮ ಗಾಳಾಕ್ಕೆ, ಅಂದರೆ ಕೆಲಸದ ಶೆಡ್ಡಿಗೆ, ಯಾರೇ ಬರಲಿ, ಕೇಳುವುದು ಇಷ್ಟೇ. ಎದುರಿನ ಲೇಥ್ ಅಂಗಡಿಯ ಮಾಲಕರು ಮರಾಠಿಯಲ್ಲಿ ಕೇಳುತ್ತಾರೆ, ಚಹಾ ತರುವ ಹುಡುಗ ಹಿಂದಿಯಲ್ಲಿ, ಫೋನ್ ಮಾಡಿದ ಅಣ್ಣ ಗೋಕಾಕದ ಕನ್ನಡದಲ್ಲಿ. ನಾವು ಕಟ್ಟುತ್ತಿರುವ ವಿಮಾನದ ಒಡಲಿನ ಆರು ಮೀಟರ್ ಉದ್ದದ ಎರಡು ಹೋಳು, ಎಡದ್ದೊಂದು ಬಲದ್ದೊಂದು, ಪ್ಲೈವುಡ್ ಕ್ರೇಡಲ್‌ಗಳಲ್ಲಿ ಬಾಯ್ತೆರೆದು ಮಲಗಿರುವ ತನಕ ಅದು ಯಾರ ಕಣ್ಣಿಗೂ ವಿಮಾನವಲ್ಲ. ಎರಡನ್ನೂ ಕೂಡಿಸಿ ನಿಲ್ಲಿಸಿದರೆ ಮೂಗು, ಕಾಕ್‌ಪಿಟ್, ಹಿಂದೆ ಬಾಲದ ಮೇಲೆ ನೆಟ್ಟಗೆ ಎದ್ದ ಫಿನ್ ಎಲ್ಲ ಒಮ್ಮೆಗೇ ಕಾಣುತ್ತವೆ. ಫೋಟೋ ತೆಗೆಯಬಹುದು, ಊರಿಗೆ ಕಳಿಸಬಹುದು.

ಮಳೆಗಾಲ ಕಳೆಯಿತು, ಚಳಿಗಾಲವೂ ಕಳೆಯಿತು, ನಾವು ಮುಚ್ಚಲಿಲ್ಲ. ನನಗೆ ಹೆದರಿಕೆ ಅಂತ ಕೆಲವರು ತಿಳಿದರು, ದುಡ್ಡು ಮುಗಿದಿರಬೇಕು ಅಂತ ಉಳಿದವರು. ದುಡ್ಡು ಯಾವಾಗಲೂ ಮುಗಿದೇ ಇರುತ್ತದೆ, ಆ ಮಾತು ಬೇರೆ. ತಡ ಮಾಡಿದ್ದು ಬಾಲದ ತುದಿಯ ಕಡೆಯ ಒಂದೂವರೆ ಮೀಟರ್‌ಗಾಗಿ. ಅದರ ಬಗ್ಗೆಯೇ ಈ ಸಲ ಬರೆಯುತ್ತಿದ್ದೇನೆ.

ಹೊಸದಾಗಿ ಓದುವವರಿಗೆ ಒಂದಿಷ್ಟು ಹಿನ್ನೆಲೆ. ನಾನು ಚಾಕಣದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಜಿಗ್, ಫಿಕ್ಸ್‌ಚರ್, ಅಂದರೆ ಬಿಡಿಭಾಗಗಳನ್ನು ಅಳತೆಗೆ ಹಿಡಿದಿಡುವ ಚೌಕಟ್ಟು, ಮಾಡಿಸುವವ. ಜತೆಗಾರರು ಏರ್‌ಫೋರ್ಸಿನಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿ ರಿಟೈರ್ ಆದವರು, ಬೆಳಗಾವಿಯ ಸಾಂಬ್ರಾದಲ್ಲಿ ಟ್ರೇನಿಂಗ್ ಮುಗಿಸಿ ದೇಶವೆಲ್ಲ ಸುತ್ತಿ ಕೊನೆಗೆ ಪುಣೆಯ ಸೊಸೆಯ ಮನೆಗೆ ಬಂದು ನಿಂತವರು. ಗಾಳಾದಲ್ಲಿ ಎಲ್ಲರಿಗೂ ಅವರು ಸಾರ್ಜೆಂಟರು. ಮೂರನೆಯವ ಗದಗ ಕಡೆಯ ಹುಡುಗ, ಗೋವಾದಲ್ಲಿ ಫೈಬರ್ ದೋಣಿ ಕಟ್ಟುವ ಯಾರ್ಡಿನಲ್ಲಿ ದುಡಿದು ಬಂದವ. ನಮ್ಮಿಬ್ಬರ ಓದು ಒಂದು ಕಡೆ, ಅವನ ಕೈ ಒಂದು ಕಡೆ. ಎರಡು ಸೀಟಿನ ಈ ಕಿಟ್ ಕೂಡ ನಾವು ತರಿಸಿದ್ದಲ್ಲ, ಒಬ್ಬರು ತರಿಸಿ ಪೆಟ್ಟಿಗೆಯಲ್ಲೇ ಬಿಟ್ಟದ್ದನ್ನು ಕೊಂಡದ್ದು.

"ಪ್ಲಾಸ್ಟಿಕ್ ವಿಮಾನ ಹಾರುತ್ತದಾ?" ಎನ್ನುವವರಿಗೆ ನಾನು ಹಡಪ್ಸರದ ದಾರಿ ತೋರಿಸುತ್ತೇನೆ. ಅಲ್ಲಿನ ಗ್ಲೈಡಿಂಗ್ ಸೆಂಟರಿನಲ್ಲಿ ಬೆಳ್ಳಗೆ ಹೊಳೆಯುವ ಗ್ಲೈಡರುಗಳು ಇದೇ ಗಾಜಿನ ನಾರು, ಅದನ್ನು ಹಿಡಿದು ಗಟ್ಟಿಯಾಗುವ ಇದೇ ಅಂಟುದ್ರವ, ರೆಸಿನ್. ಎರಡೂ ಸೇರಿದ್ದಕ್ಕೆ ಕಾಂಪೋಸಿಟ್ ಎನ್ನುತ್ತಾರೆ. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾಲಯ ಎನ್‌ಎಎಲ್‌ನವರ ಹಂಸ ಪೂರ್ತಿ ಕಾಂಪೋಸಿಟ್ ವಿಮಾನ, 1993ರ ನವೆಂಬರಿನಲ್ಲಿ ಮೊದಲ ಸಲ ಹಾರಿತು. ಅದರ ಹೊಸ ರೂಪ ಹಂಸ ಎನ್‌ಜಿ 2021ರ ಸೆಪ್ಟೆಂಬರಿನಲ್ಲಿ ಮೇಲೇರಿತು. ಮನೆಯಲ್ಲಿ ಕಟ್ಟುವವರ ಲೋಕಕ್ಕೆ ಈ ವಿದ್ಯೆ ತಂದದ್ದು ಅಮೆರಿಕದ ಬರ್ಟ್ ರುಟಾನ್, 1975ರಲ್ಲಿ ಹಾರಿದ ಅವರ ವೇರಿಈಝೀ ಮೂಲಕ. ಅವರ ಪದ್ಧತಿಯಲ್ಲಿ ಅಚ್ಚು ಇಲ್ಲ. ಫೋಮನ್ನು ಬಿಸಿ ತಂತಿಯಿಂದ ಕೊಯ್ದು ಅದರ ಮೇಲೆ ಗಾಜಿನ ಬಟ್ಟೆ ಹಾಸುವುದು, ಆಮೇಲೆ ತಿಂಗಳುಗಟ್ಟಲೆ ಉಜ್ಜುವುದು. ಕಾರ್ಖಾನೆಯ ಅಚ್ಚಿನಲ್ಲಿ ತೆಗೆದ ಹೋಳುಗಳನ್ನು ಕಿಟ್ ಆಗಿ ಮಾರುವ ದಾರಿಯನ್ನು ಮೊದಲು ತೆರೆದದ್ದು ಗ್ಲಾಸೇರ್ ಎಂಬ ವಿಮಾನ. ಉಜ್ಜುವ ಕೆಲಸ ಕಡಿಮೆಯಾಯಿತು, ಅದರ ಜಾಗಕ್ಕೆ ಜೋಡಿಸುವ ಕೆಲಸ ಬಂತು.

ಈಗ ಬಾಲಕ್ಕೆ ಬರೋಣ. ಅದಕ್ಕೂ ಮೊದಲು ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ. ಪಿವಿಸಿ ಪೈಪಿನ ಒಂದು ಮೊಳದ ತುಂಡು ತೆಗೆದುಕೊಂಡು ಎರಡೂ ಕೈಯಿಂದ ತಿರುಚಿ. ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ಅದೇ ಪೈಪಿಗೆ ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೂ ಒಂದೇ ಒಂದು ಸೀಳು ಹಾಕಿ ಮತ್ತೆ ತಿರುಚಿ. ಚಿಕ್ಕ ಮಕ್ಕಳ ಕೈಗೂ ಬಗ್ಗುತ್ತದೆ. ವಸ್ತು ಅದೇ, ತೂಕ ಅದೇ. ತೆಳು ಗೋಡೆಯ ದುಂಡು ಕೊಳವೆ ಸೀಳಿದರೆ ಅದರ ತಿರುಚು ಬಿಗಿತ ಎಷ್ಟು ಪಟ್ಟು ಇಳಿಯುತ್ತದೆ ಎನ್ನುವುದಕ್ಕೆ ಸುಲಭದ ಲೆಕ್ಕವಿದೆ: ತ್ರಿಜ್ಯವನ್ನು ಗೋಡೆಯ ದಪ್ಪದಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, ಮೂರರಿಂದ ಗುಣಿಸಿ. 30 ಸೆಂ.ಮೀ. ತ್ರಿಜ್ಯ, 3 ಮಿ.ಮೀ. ದಪ್ಪ ಅಂದುಕೊಂಡರೆ 100ರ ವರ್ಗ 10,000, ಅದರ ಮೂರು ಪಟ್ಟು 30,000. ನಡುವೆ ಫೋಮ್ ಇರುವ ಸ್ಯಾಂಡ್‌ವಿಚ್ ಗೋಡೆಗೆ ಅಂಕಿ ಇಷ್ಟೇ ಬರುವುದಿಲ್ಲ, ಆದರೆ ಕಥೆ ಇದೇ. ಕೂಡಿಸದ ಎರಡು ಹೋಳುಗಳನ್ನು ನಾವಿಬ್ಬರೇ ಎತ್ತಿ ತಿರುಚಿ ನೋಡಿದಾಗ ಬಾಲ ತೊನೆದಾಡುತ್ತಿತ್ತು.

ಹಾರಾಟದಲ್ಲಿ ಫ್ಯೂಸಲಾಜನ್ನು, ಅಂದರೆ ಒಡಲನ್ನು, ತಿರುಚುವುದು ಯಾರು? ಮುಖ್ಯವಾಗಿ ಫಿನ್. ರಡರ್ (ಫಿನ್ನಿನ ಹಿಂದಿನ ಚುಕ್ಕಾಣಿ) ಒತ್ತಿದಾಗ ಗಾಳಿ ಫಿನ್ನನ್ನು ಮಗ್ಗುಲಿಗೆ ತಳ್ಳುತ್ತದೆ, ಫಿನ್ ಇರುವುದು ಮೇಲೆ, ಹಾಗಾಗಿ ಒಡಲು ತಿರುಚಿಕೊಳ್ಳುತ್ತದೆ. ಲೆಕ್ಕಕ್ಕೆಂದು 100 ಕೆಜಿ ಒತ್ತಡ, ಒಡಲಿನ ನಡುಗೆರೆಯಿಂದ 60 ಸೆಂ.ಮೀ. ಮೇಲೆ ಎಂದಿಟ್ಟುಕೊಳ್ಳಿ. ಅಂಚನ್ನು ಒಂದರ ಮೇಲೊಂದು ಜಾರಿಸಲು ನೋಡುವ ಬಲ ಎಷ್ಟೆಂದು ತಿಳಿಯಲು ಆ ತಿರುಚುಬಲವನ್ನು ಕೊಳವೆಯೊಳಗಿನ ಕ್ಷೇತ್ರಫಲದ ಇಮ್ಮಡಿಯಿಂದ ಭಾಗಿಸಬೇಕು. ಕಾಕ್‌ಪಿಟ್ಟಿನ ಹಿಂದೆ, ತ್ರಿಜ್ಯ 30 ಸೆಂ.ಮೀ. ಇರುವಲ್ಲಿ, ಹೊಲಿಗೆಯ, ಅಂದರೆ ಎರಡೂ ಹೋಳು ಕೂಡುವ ಅಂಚಿನ, ಪ್ರತಿ ಸೆಂಟಿಮೀಟರಿಗೆ ಬರುವುದು ಸುಮಾರು 1 ಕೆಜಿ. ಬಾಲದ ತುದಿಯಲ್ಲಿ ತ್ರಿಜ್ಯ 15ಕ್ಕೆ ಇಳಿದಿದೆ. ತ್ರಿಜ್ಯ ಅರ್ಧವಾದರೆ ಕ್ಷೇತ್ರಫಲ ಕಾಲು ಭಾಗ, ಅಲ್ಲಿ ಪ್ರತಿ ಸೆಂಟಿಮೀಟರಿಗೆ 4 ಕೆಜಿಗೂ ಮೇಲೆ.

ಎಲ್ಲಿ ಕೈ ಹೋಗುವುದಿಲ್ಲವೋ ಅಲ್ಲೇ ಭಾರ ಹೆಚ್ಚು. ಕಾಕ್‌ಪಿಟ್ಟಿನ ಹೊಲಿಗೆಯನ್ನು ಕುರ್ಚಿ ಹಾಕಿ ಕೂತು ಮಾಡಬಹುದು, ಅದಕ್ಕೆ ಬರುವ ಭಾರ ಕಡಿಮೆ. 30 ಸೆಂ.ಮೀ. ಅಗಲದ ಕತ್ತಲ ಬಿಲದಲ್ಲಿ ಮಾಡಬೇಕಾದ ಹೊಲಿಗೆಗೆ ಅದರ ನಾಲ್ಕು ಪಟ್ಟು.

ಹಾಗಂತ 4 ಕೆಜಿ ದೊಡ್ಡ ಭಾರವೇನಲ್ಲ. ನಮ್ಮ ರೆಸಿನ್ ಎಪಾಕ್ಸಿ ಜಾತಿಯದು. ಸರಿಯಾಗಿ ತಯಾರಾದ ಎಪಾಕ್ಸಿ ಬಂಧ ಒಂದು ಚದರ ಸೆಂಟಿಮೀಟರಿಗೆ 100 ಕೆಜಿ ಜಾರುಬಲ ಆರಾಮಾಗಿ ತಡೆಯುತ್ತದೆ. ನಮ್ಮ ಅಂಚುಗಳು ಒಂದರ ಮೇಲೊಂದು ಕೂಡುವ ಅಗಲ 2.5 ಸೆಂ.ಮೀ., ಅಂದರೆ ಬೇಕಾದ್ದಕ್ಕಿಂತ ಅರುವತ್ತು ಪಟ್ಟು ಹೆಚ್ಚು. ಆದ್ದರಿಂದ "ಯಾವ ಅಂಟು ಜಾಸ್ತಿ ಗಟ್ಟಿ" ಎಂದು ರಾತ್ರಿಯೆಲ್ಲ ಚರ್ಚಿಸುವವರ ಜೊತೆ ನಾನು ಕೂರುವುದಿಲ್ಲ. ಅಚ್ಚಿನಿಂದ ಬಿಡಿಸಲು ಹಚ್ಚಿದ ಮೇಣ ಉಳಿದ ಅಂಚಿನ ಮೇಲೆ ಜಗತ್ತಿನ ಯಾವ ಅಂಟು ಹಚ್ಚಿದರೂ ಆ ಅರುವತ್ತು ಸೊನ್ನೆಯಾಗಬಹುದು, ಮತ್ತು ಹೊರಗಿನಿಂದ ನೋಡಿದವನಿಗೆ ಅದು ತಿಳಿಯುವುದೇ ಇಲ್ಲ. ಇನ್ನೊಂದು ವಿಷಯ, ಜಾರುಬಲ ತಡೆಯುವ ಬಂಧ ಅಂಚಿನಿಂದ ಸುಲಿಯುವ ಬಲಕ್ಕೆ ಬಹಳ ಬೇಗ ಸೋಲುತ್ತದೆ. ಅದಕ್ಕೇ ಒಳಗೂ ಹೊರಗೂ ಗಾಜಿನ ಬಟ್ಟೆಯ ಪಟ್ಟಿ ಹಾಕುವುದು.

ಹೊಲಿಗೆಯ ರಚನೆ ಹೀಗಿದೆ. ಹೋಳಿನ ಗೋಡೆ ಉದ್ದಕ್ಕೂ ಎರಡು ಗಾಜಿನ ಪದರ, ನಡುವೆ ಫೋಮ್. ಅಂಚಿಗೆ ಬರುವಾಗ ಫೋಮ್ ಮುಗಿದು ಎರಡೂ ಪದರ ಒಂದಾಗಿ ಘನವಾಗುತ್ತವೆ. ಬಲ ಹೋಳಿನ ಅಂಚನ್ನು ಒಂದು ಮೆಟ್ಟಿಲಿನಷ್ಟು ಒಳಗೆ ತಗ್ಗಿಸಿದ್ದಾರೆ. ಜಾಗಲ್ ಎನ್ನುತ್ತೇವೆ. ಎಡ ಹೋಳಿನ ಅಂಚು ಅದರ ಮೇಲೆ ಬಂದು ಕೂರುತ್ತದೆ. ಆ ಜಾಗಲ್‌ನ ಹೊರಮೈ ಕಾರ್ಖಾನೆಯಲ್ಲಿ ಅಚ್ಚಿಗೆ ತಾಗಿಕೊಂಡಿದ್ದ ಮೈ, ಅಂದರೆ ಅಚ್ಚಿನ ಮೇಣ ಮೆತ್ತಿಕೊಂಡ ಮೈ. ಅಂಟು ಹತ್ತಬೇಕಾದ್ದು ಅದಕ್ಕೇ.

ಉಜ್ಜುವ ಮೊದಲು ತೊಳೆಯಬೇಕು. ಬಹಳ ಜನ ನೇರ ಸ್ಯಾಂಡ್‌ಪೇಪರ್ ಹಿಡಿದು ಕೂರುತ್ತಾರೆ, ಮೇಣ ಗೀರುಗಳೊಳಗೆ ಇಳಿದು ಗಟ್ಟಿಯಾಗಿ ಕೂರುತ್ತದೆ. ಮೊದಲು ಸಾಬೂನು ನೀರು, ಆಮೇಲೆ ಅಸಿಟೋನ್, ಒಂದು ಬಟ್ಟೆಯಿಂದ ಹಚ್ಚಿ ಆರುವ ಮುಂಚೆ ಇನ್ನೊಂದು ಬಟ್ಟೆಯಿಂದ ಒರೆಸಿ ತೆಗೆಯುವುದು, ಆಮೇಲೆ 80 ನಂಬರ್ ಪೇಪರ್. ಹೊಳಪು ಪೂರ್ತಿ ಹೋಗಬೇಕು, ನಾರು ಕತ್ತರಿಸಬಾರದು. ಕೊನೆಗೆ ನೀರು ಹರಿಸಿ ನೋಡುವುದು. ನೀರು ಒಂದೇ ಹಾಳೆಯಾಗಿ ನಿಂತರೆ ಮೈ ಚೊಕ್ಕ, ಹನಿಹನಿಯಾಗಿ ಒಡೆದರೆ ಎಲ್ಲೋ ಎಣ್ಣೆಯ ಅಂಶ ಇದೆ. ಮತ್ತೆ ತೊಳೆ. ನೀರು ಒಡೆಯದಿದ್ದರೆ ಚೆನ್ನಾಗಿ ಒಣಗಿಸು, ಅಲ್ಲಿಂದ ಮುಂದೆ ಬರಿಗೈ ತಾಗಿಸಬೇಡ.

ಪಕ್ಕದ ಗಾಳಾದಲ್ಲಿ ರಬ್ಬರ್ ಮೋಲ್ಡಿಂಗ್ ನಡೆಯುತ್ತದೆ, ಅಚ್ಚಿಗೆ ಸಿಲಿಕೋನ್ ಸ್ಪ್ರೇ ಹೊಡೆಯುತ್ತಾರೆ. ಸಿಲಿಕೋನ್ ಗಾಳಿಯಲ್ಲಿ ತೇಲಿ ಬಂದು ಕೂತರೆ ಕಣ್ಣಿಗೆ ಕಾಣುವುದಿಲ್ಲ, ಅಂಟು ಮಾತ್ರ ಹತ್ತುವುದಿಲ್ಲ. ಅವರಿಗೆ ಹೇಳಿ ನಮ್ಮ ಕೆಲಸದ ದಿನ ಗುರುವಾರ ಇಟ್ಟುಕೊಂಡೆವು. ಭೋಸರಿಯಲ್ಲಿ ವಾರದ ರಜೆ ಗುರುವಾರ. ಸ್ಪ್ರೇ ಇಲ್ಲ, ಗ್ರೈಂಡರಿನ ಧೂಳಿಲ್ಲ, ಪವರ್ ಪ್ರೆಸ್ಸಿನ ಅದುರೂ ಇಲ್ಲ. ಕರೆಂಟು ಇರುವ ಭರವಸೆಯೂ ಇಲ್ಲ, ಅದಕ್ಕೆ ಇನ್ವರ್ಟರ್.

ಇನ್ನು ಋತು. ಪುಣೆಯ ಜನವರಿ ಬೆಳಗ್ಗೆ ಹತ್ತು ಹನ್ನೆರಡು ಡಿಗ್ರಿಗೆ ಇಳಿಯುತ್ತದೆ, ರೆಸಿನ್ ಬಟ್ಟೆಯೊಳಗೆ ಇಳಿಯಲು ಒಲ್ಲೆ ಎನ್ನುತ್ತದೆ. ಏಪ್ರಿಲ್ ಮೇನಲ್ಲಿ ತಗಡಿನ ಚಾವಣಿ ಕೆಳಗೆ ಕಪ್ಪಿನಲ್ಲೇ ಕಾಯಿಸಿಕೊಂಡು ಹೊಗೆಯಾಡುತ್ತದೆ. ಹತ್ತು ಡಿಗ್ರಿ ಏರಿದರೆ ಕೈಗೆ ಸಿಗುವ ಸಮಯ ಹೆಚ್ಚೂಕಡಿಮೆ ಅರ್ಧ. ಮಳೆಗಾಲದಲ್ಲಿ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ರೆಸಿನ್ನನ್ನು ಗಟ್ಟಿ ಮಾಡುವ ಹಾರ್ಡ್‌ನರಿನಲ್ಲಿರುವ ಅಮೀನ್ ಎಂಬ ರಾಸಾಯನಿಕದ ಜೊತೆ ಸೇರಿ ಮೇಲ್ಮೈ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ. ಅದರ ಮೇಲೆ ಹಾಕಿದ ಮುಂದಿನ ಪದರ ಹತ್ತಿದ ಹಾಗೆ ಮಾಡಿ ಕೈಕೊಡುತ್ತದೆ. ಫೆಬ್ರವರಿ ಕೊನೆ, ಮಾರ್ಚ್ ಮೊದಲು, ಇಷ್ಟೇ ನಮಗೆ ಸಿಗುವ ಕಿಟಕಿ. ಸಮುದ್ರದ ದಡದಲ್ಲಿ ಕೆಲಸ ಮಾಡಿದ ನಮ್ಮ ಗದಗಿನ ಹುಡುಗನಿಗೆ ಈ ಒಣ ಹವೆ ಕಂಡು ಖುಷಿಯೋ ಖುಷಿ. ಆದರೆ ಅವನ ದೋಣಿಯ ರೂಢಿಗಳಲ್ಲಿ ಕೆಲವನ್ನು ಬಿಡಿಸಬೇಕಾಯಿತು. ದೋಣಿಗೆ ಪಾಲಿಯೆಸ್ಟರ್ ರೆಸಿನ್, ಕತ್ತರಿಸಿದ ನಾರಿನ ಮ್ಯಾಟ್. ಆ ಮ್ಯಾಟ್ ಹಿಡಿದಿಡುವ ಅಂಟು ಕರಗಲು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಬೇಕು, ಎಪಾಕ್ಸಿಯಲ್ಲಿ ಅದು ಕರಗುವುದಿಲ್ಲ. ನಮ್ಮದು ನೇಯ್ದ ಬಟ್ಟೆ, ಚದರ ಮೀಟರಿಗೆ 300 ಗ್ರಾಮಿನದು, 45 ಡಿಗ್ರಿ ಓರೆಯಾಗಿ ಕತ್ತರಿಸಿದ ಪಟ್ಟಿ. ತಿರುಚುಬಲ ಹರಿಯುವುದೇ ಓರೆಯಾಗಿ, ನಾರೂ ಆ ದಿಕ್ಕಿಗೇ ಇರಬೇಕು.

"ಸರ, ಇಷ್ಟ್ ತೆಳ್ಳಗ ಹಾಕಿದ್ರ ಗಟ್ಟಿ ಹ್ಯಾಂಗ್ ಆಕ್ಕೈತ್ರಿ?"

"ದಪ್ಪ ಹಾಕಿದ್ರ ತೂಕ ಆಕ್ಕೈತೋ ತಮ್ಮಾ. ರೆಸಿನ್ ಜಾಸ್ತಿ ಆದ್ರ ಬರೇ ತೂಕ."

ಅವನು ಒಪ್ಪಲಿಲ್ಲ. ಒಂದು ತುಂಡು ಪಟ್ಟಿಯನ್ನು ಎರಡು ಚೂರು ಲ್ಯಾಮಿನೇಟ್ (ರೆಸಿನ್ನಿನಲ್ಲಿ ಆರಿದ ಗಾಜಿನ ಹಲಗೆ) ಮೇಲೆ ಹಾಕಿ ಆರಿಸಿ, ವೈಸಿಗೆ ಕಟ್ಟಿ ಮುರಿಯಲು ಕೊಟ್ಟೆ. ಹಗ್ಗ ಜಗ್ಗಿದ ಹಾಗೆ ಜಗ್ಗಿದ. ಅಂಟು ಬಿಡಲಿಲ್ಲ, ಲ್ಯಾಮಿನೇಟೇ ಹರಿಯಿತು. ಬಂಧ ಸರಿಯಿದ್ದರೆ ಒಡೆಯಬೇಕಾದ್ದು ಹೀಗೆಯೇ. ಆ ಮೇಲೆ ಅವನು ಸ್ಕ್ವೀಜಿ ಹಿಡಿದು ಹೆಚ್ಚಿನ ರೆಸಿನ್ ಎಳೆದು ತೆಗೆಯುವ ಚೆಂದ ನೋಡಬೇಕು, ನನಗೆ ಹುಟ್ಟಿ ಬಂದರೂ ಬರುವುದಿಲ್ಲ.

ಮುಚ್ಚುವ ಮುಂಚೆ ಒಳಗೆ ಏನೇನು ಕೂರಿಸಬೇಕು ಎಂಬ ಪಟ್ಟಿಯನ್ನು ಸಾರ್ಜೆಂಟರು ಗೋಡೆಗೆ ಅಂಟಿಸಿದ್ದರು. ಅವರ ಪರೀಕ್ಷೆ ಸರಳ. ಎರಡೂ ಹೋಳು ಒಣಗೇ ಕೂಡಿಸಿ, ಬ್ಯಾಟರಿಯೂ ಕನ್ನಡಿಯೂ ಹಿಡಿದು ಕಾಕ್‌ಪಿಟ್ಟಿನಿಂದ ಒಳಗೆ ನೋಡುವುದು. ಕನ್ನಡಿಯಲ್ಲಿ ಕಾಣುತ್ತದೆ ಆದರೆ ಸ್ಪ್ಯಾನರ್ ಹೋಗುವುದಿಲ್ಲ ಎನ್ನುವುದೆಲ್ಲ ಈಗಲೇ ಆಗಬೇಕು. ಮೂಗು ಎತ್ತಿ ಇಳಿಸುವ ಎಲಿವೇಟರಿನ ತಳ್ಳುಕೋಲಿನ ಗೈಡ್, ರಡರ್ ಕೇಬಲ್ಲಿನ ನಳಿಗೆ, ಹಿಂದಿನ ಲೈಟಿಗೆ ವೈರು ಹೋಗುವ ಖಾಲಿ ಪೈಪು, ಅದರಲ್ಲೊಂದು ಎಳೆದಾರ. ಆಂಟೆನಾ ಕೂಡ. ಗಾಜಿನ ನಾರು ರೇಡಿಯೋ ತರಂಗಗಳನ್ನು ತಡೆಯುವುದಿಲ್ಲ, ಹಾಗಾಗಿ ತಾಮ್ರದ ಪಟ್ಟಿಯ ಆಂಟೆನಾವನ್ನು ಫಿನ್ನಿನ ಒಳಮೈಗೇ ಅಂಟಿಸಬಹುದು. ವಿಮಾನದ ರೇಡಿಯೋ 118ರಿಂದ 137 ಮೆಗಾಹರ್ಟ್ಸ್, ಅದಕ್ಕೆ ಆಂಟೆನಾದ ಒಂದೊಂದು ತೋಳು ಸುಮಾರು 56 ಸೆಂ.ಮೀ. ಕಾರ್ಬನ್ ನಾರಿನ ಒಡಲಾಗಿದ್ದರೆ ಈ ಸುಖ ಇಲ್ಲ, ಕಾರ್ಬನ್ ವಿದ್ಯುತ್ ಹರಿಸುತ್ತದೆ, ಆಂಟೆನಾ ಒಳಗೆ ಕುರುಡಾಗುತ್ತದೆ.

ಬಲ್ಕ್‌ಹೆಡ್‌ಗಳನ್ನೆಲ್ಲ, ಅಂದರೆ ಒಡಲಿನೊಳಗಿನ ಅಡ್ಡಗೋಡೆಗಳನ್ನೆಲ್ಲ, ಬಲ ಹೋಳಿಗೆ ಮೊದಲೇ ಕೂರಿಸಿ ಪಟ್ಟಿ ಹಾಕಿದ್ದೆವು. ತೀರ ಹಿಂದಿನ ಒಂದನ್ನು ಬಿಟ್ಟು. ಅದನ್ನು ಯಾಕೆ ಬಿಟ್ಟೆವು ಎಂದು ಮುಂದೆ ಹೇಳುತ್ತೇನೆ.

ಅಳತೆಯ ವಿಷಯದಲ್ಲಿ ನಾನು ಹಟಮಾರಿ, ಹೊಟ್ಟೆಪಾಡೇ ಅದು. ಒಡಲು ಒಮ್ಮೆ ತಿರುಚಿಕೊಂಡು ಆರಿದರೆ ಅದನ್ನು ಬಿಚ್ಚುವ ಉಪಾಯವಿಲ್ಲ, ಗರಗಸ ಒಂದೇ. ಬಾಲದ ರೆಕ್ಕೆ ತುದಿಯಿಂದ ತುದಿಗೆ 2.4 ಮೀಟರ್. ಒಡಲು ಒಂದೇ ಒಂದು ಡಿಗ್ರಿ ತಿರುಚಿದರೆ ಒಂದು ತುದಿ ಇನ್ನೊಂದಕ್ಕಿಂತ 42 ಮಿ.ಮೀ. ಮೇಲೆ. ಇದನ್ನು ಅಳೆಯಲು ಲೇಸರ್ ಲೆವೆಲ್ ಇತ್ತು. ಆದರೂ ನಾನು ನಂಬಿದ್ದು ಗೌಂಡಿಗಳ ಪಾರದರ್ಶಕ ನೀರಿನ ಪೈಪನ್ನೇ, ಬೋಹ್ರಿ ಆಳಿಯಲ್ಲಿ ಕೊಂಡದ್ದು. ಅದಕ್ಕೆ ಬ್ಯಾಟರಿ ಬೇಡ, ಕ್ಯಾಲಿಬ್ರೇಶನ್ ಬೇಡ. ನೀರಿಗೆ ಒಂದಿಷ್ಟು ನೀಲಿ ಬಣ್ಣ ಹಾಕಿ, ಗಾಳಿಗುಳ್ಳೆ ತೆಗೆದರೆ 2 ಮಿ.ಮೀ. ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತದೆ. ಫಿನ್ನಿನ ತುದಿಯಿಂದ ಬಿಟ್ಟ ತೂಗುಗುಂಡು ಕೆಳಗಿನ ನಡುಗೆರೆಯ ಮೇಲೆ ಬರಬೇಕು. ರೆಕ್ಕೆಯ ಸ್ಪಾರ್ (ಭಾರ ಹೊರುವ ತೊಲೆ) ಹೋಗುವ ಎರಡು ಕಿಂಡಿಗಳಲ್ಲಿ ಒಂದು ನೇರ ಅಲ್ಯೂಮಿನಿಯಂ ಕೊಳವೆ ತೂರಿಸಿ ಅದರ ಎರಡು ತುದಿಯಿಂದ ಬಾಲಕ್ಕೆ ಸ್ಟೀಲ್ ಟೇಪು ಎಳೆದರೆ ಎರಡೂ ಅಳತೆ ಸಮ ಇರಬೇಕು. ಇದನ್ನೆಲ್ಲ ಬೆಳಗ್ಗೆ ಆರರಿಂದ ಎಂಟರೊಳಗೆ. ಬಿಸಿಲೇರಿದ ಮೇಲೆ ಶಟರಿನ ಕಡೆಯ ಹೋಳು ಹತ್ತು ಡಿಗ್ರಿ ಹೆಚ್ಚು ಕಾದರೂ ಆರು ಮೀಟರಿಗೆ ಸುಮಾರು ಒಂದು ಮಿ.ಮೀ. ಹಿಗ್ಗುತ್ತದೆ, ಅಳತೆಗಳು ಒಂದಕ್ಕೊಂದು ಜಗಳಕ್ಕೆ ನಿಲ್ಲುತ್ತವೆ.

ಅಳತೆ ಕೂಡಿದ ಮೇಲೆ ಅಂಚಿನುದ್ದಕ್ಕೂ ಒಂದೊಂದು ಗೇಣಿಗೆ 3.2 ಮಿ.ಮೀ. ತೂತು ಕೊರೆದು ಕ್ಲೀಕೋ ಚುಚ್ಚಿದೆವು. ಸ್ಪ್ರಿಂಗಿನ ಈ ಪುಟ್ಟ ಪಿನ್ನುಗಳು ಲೋಹದ ವಿಮಾನ ಕಟ್ಟುವವರ ಸಾಮಾನು, ಸಾರ್ಜೆಂಟರ ಪೆಟ್ಟಿಗೆಯಲ್ಲಿ ದಂಡಿಯಾಗಿದ್ದವು. ಮತ್ತೆ ಬಿಚ್ಚಿ, ಮತ್ತೆ ಕೂಡಿಸಿ, ತೂಗುಗುಂಡು ಅದೇ ಗೆರೆಗೆ ಬರುತ್ತದಾ ನೋಡಿ, ಆಮೇಲೆ ನಿಜವಾದ ಗುರುವಾರ.

ಆ ದಿನದ ಬಗ್ಗೆ ಹೇಳಲು ಅಷ್ಟೇನಿಲ್ಲ, ಹಾಗೆ ಆಗಬೇಕೆಂದೇ ಇಷ್ಟೆಲ್ಲ. ರೆಸಿನ್ ಎಂಜಿಎಸ್ 285, ಹಾರ್ಡ್‌ನರ್ 287, ನಿಧಾನದ್ದು, ತೂಕದಲ್ಲಿ 100ಕ್ಕೆ 40. ಗ್ರಾಮಿನ ತಕ್ಕಡಿ ಬಿಟ್ಟು ಅಂದಾಜಿಗೆ ಹಾಕುವವರನ್ನು ನಾನು ಗಾಳಾದೊಳಗೆ ಬಿಡುವುದಿಲ್ಲ. ಅಂಟಿಗೆ ಹತ್ತಿಯ ಸಣ್ಣ ನಾರು, ಅಂದರೆ ಫ್ಲಾಕ್ಸ್, ಜೊತೆಗೆ ಇಳಿಜಾರಿನಲ್ಲಿ ಸೋರದಿರಲು ಒಂದು ಚಿಟಿಕೆ ಏರೋಸಿಲ್, ನುಣುಪಾದ ಸಿಲಿಕಾ ಪುಡಿ. ಕಲಸಿದಾಗ ಹೋಳಿಗೆಯ ಹೂರಣದಷ್ಟು ಗಟ್ಟಿ ಬರಬೇಕು. ಮೈಕ್ರೋಬಲೂನ್, ಅಂದರೆ ಪುಡಿಯಷ್ಟು ಸಣ್ಣ ಟೊಳ್ಳು ಗುಂಡು, ಹಾಕಿದರೆ ಹಗುರ ಆಗುತ್ತದೆ, ಉಜ್ಜಲು ಸುಲಭ, ಆದರೆ ಅದು ಬರೇ ತುಂಬುವ ಪುಟ್ಟಿ, ಭಾರ ಹೊರುವ ಜಾಗಕ್ಕೆ ಸಲ್ಲದು. ಎರಡೂ ಡಬ್ಬಿಯ ಪುಡಿ ಬೆಳ್ಳಗೇ ಇರುವುದರಿಂದ ಮೈಕ್ರೋ ಡಬ್ಬಿಯನ್ನು ಆ ದಿನ ಬೀಗ ಹಾಕಿ ಕಪಾಟಿನಲ್ಲಿಟ್ಟಿದ್ದೆ.

ಮೊದಲು ಎರಡೂ ಅಂಚಿಗೆ ಬರೀ ರೆಸಿನ್ ಬ್ರಷ್ಷಿನಿಂದ ಹಚ್ಚಿ, ಅದರ ಮೇಲೆ ಫ್ಲಾಕ್ಸ್ ಹಾಸಿ, ನಾಲ್ಕು ಜನ ಎಡ ಹೋಳು ಎತ್ತಿ ತಂದು ಕೂರಿಸಿ, ಮೂಗಿನಿಂದ ಬಾಲದ ಕಡೆಗೆ ಕ್ಲೀಕೋ ಚುಚ್ಚುತ್ತ ಹೋದೆವು. ಅಂಚಿನುದ್ದಕ್ಕೂ ಅಂಟು ಸಣ್ಣಗೆ ಉಕ್ಕಿ ಹೊರಬಂತು. ಉಕ್ಕಿ ಬಂದರೆ ಒಳಗೆ ತುಂಬಿದೆ ಎಂದರ್ಥ, ಬಾರದ ಕಡೆ ಗುರುತು ಹಾಕಿಕೊಳ್ಳಬೇಕು. ಕಪ್ಪಿನಲ್ಲಿ ಉಳಿದ ಅಂಟಿಗೆ ತಾರೀಕು ಬರೆದು ಇಟ್ಟೆವು. ಬ್ಯಾಚ್ ನಂಬರು, ತಾಪಮಾನ, ತೇವ, ಒಳಗಿನ ಫೋಟೋ ಎಲ್ಲ ವಹಿಯಲ್ಲಿ. ಮುಂದೆ ಪರವಾನಗಿಗೆಂದು ಯಾರು ಬಂದು ಕೇಳಿದರೂ ಮುಚ್ಚಿದ ಒಡಲನ್ನು ಬಿಚ್ಚಿ ತೋರಿಸಲಾಗುವುದಿಲ್ಲ. ಮುಂಬೈಯಲ್ಲಿ ಕಾಂದಿವಲಿಯ ಚಾರ್ಕೋಪದ ಮನೆ ಮಾಳಿಗೆಯ ಮೇಲೆ ಕ್ಯಾಪ್ಟನ್ ಅಮೋಲ್ ಯಾದವ್ ಆರು ಸೀಟಿನ ವಿಮಾನ ಕಟ್ಟಿ, 2016ರ ಫೆಬ್ರವರಿಯಲ್ಲಿ ಮೇಕ್ ಇನ್ ಇಂಡಿಯಾ ಪ್ರದರ್ಶನಕ್ಕೆ ಇಟ್ಟ ಮೇಲೂ ಕಾಗದಪತ್ರಕ್ಕೆ ಎಷ್ಟು ವರ್ಷ ಓಡಾಡಿದರು ಎನ್ನುವುದು ಪೇಪರ್ ಓದಿದವರಿಗೆಲ್ಲ ಗೊತ್ತು. ವಹಿ ದಪ್ಪ ಇದ್ದಷ್ಟೂ ಒಳ್ಳೆಯದು.

ಅಂಟು ಆರಿ ಕ್ಲೀಕೋ ತೆಗೆದ ಮೇಲೆ ಒಳಪಟ್ಟಿಯ ಕೆಲಸ. ಪದರದ ಮೇಲೆ ಪದರ, ಅಗಲ 5, 7.5, 10 ಸೆಂ.ಮೀ., ಎಲ್ಲ ಅಂಚು ಒಂದೇ ಕಡೆ ಮುಗಿಯದ ಹಾಗೆ. ಕಾಕ್‌ಪಿಟ್ ಭಾಗ ನಾನೂ ಗದಗಿನವನೂ ಮುಗಿಸಿದೆವು. ಅಲ್ಲಿಂದ ಹಿಂದೆ, ಅಗಲ 60ರಿಂದ 50ಕ್ಕೆ ಇಳಿಯುವ ಜಾಗಕ್ಕೆ, ನಮ್ಮ ಮೂವರ ಹೊಟ್ಟೆಯೂ ಒಗ್ಗುವುದಿಲ್ಲ. ಪುಣೆಯಲ್ಲೇ ಓದುತ್ತಿರುವ ಅಣ್ಣನ ಮಗಳು ತಾನಾಗಿ ಮುಂದೆ ಬಂದಳು.

"ಕಾಕಾ, ನಾ ಹೋಗ್ತೀನಿ. ಆದ್ರ ಅವ್ವಗ ಫೋಟೋ ಕಳಸಬ್ಯಾಡ."

ಪೂರ್ತಿ ತೋಳಿನ ಬಟ್ಟೆ, ನೈಟ್ರೈಲ್ ಕೈಗವಸು, ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕು. ಧೂಳಿನ ಮಾಸ್ಕು ಇದಕ್ಕೆ ನಡೆಯುವುದಿಲ್ಲ. ಎಪಾಕ್ಸಿ ಚರ್ಮಕ್ಕೆ ಮೆತ್ತುತ್ತ ಹೋದರೆ ಒಂದು ದಿನ ಮೈ ಒಗ್ಗದೆ ತುರಿಕೆ ಏಳುತ್ತದೆ, ಆಮೇಲೆ ಜನ್ಮಪೂರ್ತಿ ಅದರ ಹತ್ತಿರ ಸುಳಿಯಲಾಗುವುದಿಲ್ಲ. ಹಾಗಾಗಿ ಈ ವಿಷಯದಲ್ಲಿ ಸಲಿಗೆ ಇಲ್ಲ. ಬಾಲದ ಹಿಂಬಾಗಿಲು ತೆರೆದೇ ಇತ್ತು, ಅಲ್ಲಿ ಫ್ಯಾನ್ ಇಟ್ಟು ಕಾಕ್‌ಪಿಟ್ ಕಡೆಯಿಂದ ಗಾಳಿ ಎಳೆಸಿದೆವು. ಕಡೆಯ ಬಲ್ಕ್‌ಹೆಡ್ ಕೂರಿಸದೆ ಬಿಟ್ಟದ್ದಕ್ಕೆ ಮೊದಲ ಕಾರಣ ಈ ಗಾಳಿ. ಅವಳ ಎರಡೂ ಕಾಲಿನ ಹಿಮ್ಮಡಿ ನನ್ನ ಕೈಯಲ್ಲಿ. ಪಟ್ಟಿಯನ್ನು ಹೊರಗೇ ಪಾಲಿಥಿನ್ ಹಾಳೆಯ ಮೇಲೆ ನೆನೆಸಿ, ಸುರುಳಿ ಸುತ್ತಿ, ಒಂದು ತುದಿ ಅವಳಿಗೆ ಕೊಡುವುದು. ಅವಳು ಹೊಲಿಗೆಯ ಮೇಲೆ ಬಿಚ್ಚುತ್ತ ಬಂದು, ಪ್ಲಾಸ್ಟಿಕ್ ಮೇಲಿಂದಲೇ ಒತ್ತಿ, ಆಮೇಲೆ ಪ್ಲಾಸ್ಟಿಕ್ ಸುಲಿದು, ಹಲ್ಲಿನ ರೋಲರ್ ಉರುಳಿಸಿ ಗಾಳಿ ಹೊರಗೆ ಹಾಕುವುದು. ಕೆಳಗಿನ ಹೊಲಿಗೆ ಸುಲಭ. ಮೇಲಿನದು ಮುಖದ ಮೇಲೇ ಬೀಳುತ್ತದೆ, ಅದಕ್ಕೆ ಇಡೀ ಒಡಲನ್ನೇ ತಿರುಗಿಸಿ ಮೇಲಿನದನ್ನು ಕೆಳಗೆ ತಂದುಕೊಂಡೆವು. ಕ್ರೇಡಲ್ ಮಾಡಿಸುವಾಗಲೇ ತಿರುಗಿಸುವ ಹಾಗೆ ಎರಡು ಪ್ಲೈವುಡ್ ಚಕ್ರ ಕಟ್ಟಿಸಿದ್ದು ಇಲ್ಲಿ ಉಪಯೋಗಕ್ಕೆ ಬಂತು.

ಕಡೆಯ ಒಂದೂವರೆ ಮೀಟರಿಗೆ ಅವಳ ಭುಜವೂ ಹೋಗಲಿಲ್ಲ. ಉದ್ದ ಕೋಲಿಗೆ ಬ್ರಷ್ ಕಟ್ಟಿ ಮಾಡುವವರಿದ್ದಾರೆ. ಪಟ್ಟಿ ಕೂರುತ್ತದೆ, ಒತ್ತಡ ಸಮ ಬಿತ್ತೋ ಇಲ್ಲವೋ ಗೊತ್ತಾಗುವುದಿಲ್ಲ, ಮತ್ತು ಸೆಂಟಿಮೀಟರಿಗೆ 4 ಕೆಜಿ ಬೀಳುವುದು ಇಲ್ಲೇ. ಉಪಾಯ ಹೊಳೆದದ್ದು ಗದಗಿನವನಿಗೆ. ಪ್ಲಾಸ್ಟಿಕ್ ಅಂಗಡಿಯಲ್ಲಿ ಚೀಲ ಮಾಡಲು ಕೊಳವೆಯಾಕಾರದ ಪಾಲಿಥಿನ್ ರೋಲು ಸಿಗುತ್ತದೆ, ಬೇಕಾದ ಅಗಲದ್ದು. ಬಾಲದ ತುದಿಗಿಂತ ತುಸು ದೊಡ್ಡದು ತಂದ. ನೆನೆಸಿದ ಪಟ್ಟಿಯನ್ನು ಒಂದು ತೆಳು ಹಲಗೆಯ ಮೇಲಿಟ್ಟು ಹಿಂಬಾಗಿಲಿನಿಂದ (ಕಡೆಯ ಬಲ್ಕ್‌ಹೆಡ್ ಬಿಟ್ಟದ್ದಕ್ಕೆ ಎರಡನೆಯ ಕಾರಣ ಇದು) ಒಳಗೆ ಜಾರಿಸಿ ಹೊಲಿಗೆಯ ಗೆರೆಗೆ ಕೂರಿಸಿದೆವು, ಮೇಲೆ ಪೀಲ್ ಪ್ಲೈ, ಆರಿದ ಮೇಲೆ ಸುಲಿದು ತೆಗೆಯುವ ಬಟ್ಟೆ. ಆಮೇಲೆ ಪಾಲಿಥಿನ್ ಕೊಳವೆಯನ್ನು ಒಳಗೆ ತೂರಿಸಿ ಎರಡೂ ಬಾಯಿ ಕಟ್ಟಿ ಗಾಳಿ ತುಂಬಿದೆವು. ಕೊಳವೆ ಉಬ್ಬಿ ಒಳಮೈಗೆಲ್ಲ ಒತ್ತಿಕೊಂಡಿತು. ಎಪಾಕ್ಸಿ ಪಾಲಿಥಿನ್‌ಗೆ ಅಂಟುವುದಿಲ್ಲ, ಆ ಭಯ ಇಲ್ಲ.

ಒತ್ತಡ ಎಷ್ಟು ಎಂದು ಅಳೆದದ್ದು ಅದೇ ಗೌಂಡಿ ಪೈಪಿನಿಂದ. ಒಂದು ತುದಿ ಪಾಲಿಥಿನ್ ಒಳಗೆ, ಇನ್ನೊಂದು ತುದಿ ಹೊರಗೆ, ನಡುವೆ ನೀಲಿ ನೀರು. ಎರಡು ಕಡೆಯ ನೀರಿನ ಮಟ್ಟದ ಅಂತರ 5 ಸೆಂ.ಮೀ. ನಿಲ್ಲುವಷ್ಟು ತುಂಬಿದೆವು. ಕೇಳಲು ಏನೂ ಅಲ್ಲ, ಆದರೆ ಚದರ ಮೀಟರಿಗೆ 50 ಕೆಜಿ ಸಮನಾಗಿ ಹೇರಿದ ಹಾಗೆ, ಮೂಲೆಮೂಲೆಗೂ. ನಿಧಾನಕ್ಕೆ ಸೋರುತ್ತಿತ್ತು. ಸಾರ್ಜೆಂಟರು ಸ್ಟೂಲ್ ಹಾಕಿ ಕೂತು, ನೀರು ಇಳಿದಾಗಲೆಲ್ಲ ಸೈಕಲ್ ಪಂಪ್ ಹೊಡೆದರು.

ಮರುದಿನ ಪೀಲ್ ಪ್ಲೈ ಸುಲಿದು, ಕಪ್ಪಿನಲ್ಲಿ ಉಳಿದಿದ್ದ ಅಂಟಿಗೆ ಉಗುರು ಊರಿ ನೋಡಿ, ಆಮೇಲೆ ಹೊರಗಿನಿಂದ ನಾಣ್ಯದ ಪರೀಕ್ಷೆ. ಒಂದು ರೂಪಾಯಿ ನಾಣ್ಯದಿಂದ ಹೊಲಿಗೆಯುದ್ದಕ್ಕೂ ತಟ್ಟುತ್ತ ಹೋಗುವುದು. ಪದರಗಳು ಕೂಡಿದ್ದರೆ ಟಣ್ ಎಂಬ ಚುರುಕು ಸದ್ದು, ಒಳಗೆ ಗಾಳಿ ಉಳಿದಿದ್ದರೆ ಮಂಕು. ಲೇಥ್ ಅಂಗಡಿಯವರಿಗೆ ಹೇಳಿ ಅರ್ಧ ಗಂಟೆ ಮಶೀನು ನಿಲ್ಲಿಸಿಸಿದೆವು. ಬಾಲದ ತುದಿಯಲ್ಲಿ ಎಲ್ಲೂ ಮಂಕು ಸದ್ದಿಲ್ಲ. ಮಂಕು ಕೇಳಿದ್ದು ಕಾಕ್‌ಪಿಟ್ ಹಿಂದೆ ಒಂದೇ ಕಡೆ, ಹೆಬ್ಬೆರಳ ಅಗಲ, ಆರಾಮಾಗಿ ಕೈ ಹೋಗುವ ಜಾಗ. ಸಣ್ಣ ತೂತು ಕೊರೆದು ಸಿರಿಂಜಿನಿಂದ ರೆಸಿನ್ ತುಂಬಿದ್ದಾಯಿತು.

ಹೊರಪಟ್ಟಿ ಹಾಕಿ ಆಗಿದೆ, ಕಡೆಯ ಬಲ್ಕ್‌ಹೆಡ್ ಕೂರಿಸಿ ಆಗಿದೆ. ಫೋಟೋ ಬೇಕಾದವರಿಗೆ ಫೋಟೋ ಹೋಗಿದೆ, ಅತ್ತಿಗೆಗೆ ಕಳಿಸಿಲ್ಲ. ಉಳಿದದ್ದು ಪೋಸ್ಟ್ ಕ್ಯೂರ್. ಸಾಧಾರಣ ಹವೆಯಲ್ಲಿ ಆರಿದ ಎಪಾಕ್ಸಿ ಬಿಸಿಲಿಗೆ ನಿಂತ ವಿಮಾನದ ಮೈಯ ಶಾಖಕ್ಕೇ ಮೆತ್ತಗಾಗಬಹುದು, ಅದನ್ನು ಒಮ್ಮೆ ಮೊದಲೇ ಕಾಯಿಸಿದರೆ ತಡೆಯುವ ಶಾಖ ಏರುತ್ತದೆ. ಹೆಚ್ಚಿನ ಕಾಂಪೋಸಿಟ್ ವಿಮಾನಗಳಿಗೆ ಬಿಳಿ ಬಣ್ಣ ಬಳಿಯುವುದೂ ಇದಕ್ಕೇ. ಕೆಂಪು ಬೇಕು ಎಂದು ಹಟ ಹಿಡಿದಿದ್ದ ಗದಗಿನವನಿಗೆ ಅಂಚಿನಲ್ಲಿ ಒಂದು ಸಣ್ಣ ಗೆರೆಯ ಮಟ್ಟಿಗೆ ಒಪ್ಪಿಗೆ ಸಿಕ್ಕಿದೆ. ಥರ್ಮಾಕೋಲ್ ಹಲಗೆಗಳಿಂದ ಆರು ಮೀಟರ್ ಉದ್ದದ ಗೂಡು ಕಟ್ಟಿ, ಒಳಗೆ ಎರಡು ರೂಮ್ ಹೀಟರ್, ಗಾಳಿ ತಿರುಗಿಸಲು ಫ್ಯಾನ್, ನಾಲ್ಕು ಕಡೆ ಥರ್ಮಾಮೀಟರ್ ಇಟ್ಟು ನಿಧಾನಕ್ಕೆ 60 ಡಿಗ್ರಿಗೆ ಏರಿಸಿ ರಾತ್ರಿಯಿಡೀ ಹಿಡಿಯಬೇಕು. ಥರ್ಮಾಕೋಲ್‌ಗೆ ಇನ್ನೂ ಹೆಚ್ಚು ಶಾಖ ತಾಗಿದರೆ ಕುಗ್ಗುತ್ತದೆ, ಹಾಗಾಗಿ ಹೀಟರಿನ ಬಾಯಿಗೆ ತಗಡು. ಒಡಲು ಕ್ರೇಡಲ್ ಮೇಲೆ ನೇರ ಕೂತಿದೆಯಾ ಎಂದು ನೀರಿನ ಪೈಪಿನಿಂದ ಮತ್ತೊಮ್ಮೆ ನೋಡದೆ ಹೀಟರ್ ಹಚ್ಚುವಂತಿಲ್ಲ, ಬಿಸಿಯಲ್ಲಿ ಬಾಗಿದ್ದು ಬಾಗಿಯೇ ಗಟ್ಟಿಯಾಗುತ್ತದೆ. ಗಾಳಾದ ಮಾಲಕರಿಗೆ ಕರೆಂಟ್ ಬಿಲ್ಲಿನ ವಿಷಯ ಇನ್ನೂ ಹೇಳಿಲ್ಲ. ಸಾರ್ಜೆಂಟರು ಹೇಳುತ್ತಾರಂತೆ, ಅವರ ಮರಾಠಿ ನನ್ನದಕ್ಕಿಂತ ಮೆತ್ತಗಿದೆ.